ಹೊರೆಗಲ್ಲು ಕುಳ್ಳಾದದ್ದು

ಯಳಂದೂರಿನ ಅಂಚಿನಲ್ಲಿ, ಹಳೆಯ ಪೇಟೆ ಮುಗಿದು ಗದ್ದೆಬಯಲು ಶುರುವಾಗುವ ಕಡೆ, ಮೂರು ರಸ್ತೆ ಕೂಡುವ ಒಂದು ಚೌಕವಿದೆ. ಅದನ್ನು ಹೊಸದಾಗಿ ರೂಪಿಸಿಕೊಡುವ ಕೆಲಸ ನನ್ನ ಕೈಗೆ ಬಂದಾಗ ಜನ ಹೇಳಿದ ದೂರು ಒಂದೇ: ಮಳೆ ಬಂದರೆ ನೀರು ನಿಲ್ಲುತ್ತದೆ. ಮುಳುಗಿಸುವ ನೀರೇನಲ್ಲ, ಪಾದ ಅದ್ದುವಷ್ಟು. ಆದರೆ ನಿಂತದ್ದು ವಾರಗಟ್ಟಲೆ ಕದಲುವುದಿಲ್ಲ. ಅದರಲ್ಲೇ ಆಟೋಗಳು ನಿಲ್ಲಬೇಕು, ಟೀ ಅಂಗಡಿಯವರು ಬೆಂಚು ಹಾಕಬೇಕು, ಶಾಲೆಯ ಮಕ್ಕಳು ಶೂ ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕು. ನಾನು ಕೊಳ್ಳೇಗಾಲದಲ್ಲಿ ಒಂದು ಬಾಡಿಗೆ ಕೋಣೆ, ಒಬ್ಬ ಸಹಾಯಕ ಇಟ್ಟುಕೊಂಡು ನಕ್ಷೆ ಬರೆದುಕೊಂಡಿರುವವಳು. ಆ ಹೊತ್ತಿಗಾಗಲೇ ಬೇರೆ ಎರಡು ಕೆಲಸಗಳಲ್ಲಿ ಸುಸ್ತಾಗಿದ್ದೆ. ನೀರು ಓಡಿಸುವುದು ಏನು ಮಹಾ ಎಂದುಕೊಂಡು ಒಪ್ಪಿಕೊಂಡೆ.

ಮೊದಲ ಹತ್ತು ದಿನ ಅಳತೆ. ಲೆವೆಲ್ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಸಹಾಯಕ ಅಳತೆಯ ಕೋಲು ಹಿಡಿದು ಐದೈದು ಅಡಿಗೆ ನಿಂತರೆ, ನಾನು ದುರ್ಬೀನಿನಲ್ಲಿ ನೋಡಿ ಬರೆದುಕೊಳ್ಳುವುದು. ಇಂಥ ಅಳತೆಗೆ ಕದಲದ ಒಂದು ಗುರುತು ಬೇಕು. ಚೌಕದ ಒಂದು ಮಗ್ಗುಲಲ್ಲಿದ್ದ ಹೊರೆಗಲ್ಲನ್ನೇ ಗುರುತು ಮಾಡಿಕೊಂಡೆವು. ಎರಡು ಕಲ್ಲುಕಂಬ, ಮೇಲೊಂದು ಅಡ್ಡ ಚಪ್ಪಡಿ. ಕದವಿಲ್ಲದ ಬಾಗಿಲವಾಡದ ಹಾಗೆ. ತಲೆಹೊರೆ ಹೊತ್ತು ಬಂದವರು ಇನ್ನೊಬ್ಬರ ಕೈ ಕಾಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಕತ್ತು ಸುಧಾರಿಸಿಕೊಂಡು, ಮತ್ತೆ ತಲೆಗೆ ಎಳೆದುಕೊಳ್ಳಲಿ ಎಂದು ಹಿಂದಿನವರು ನೆಟ್ಟದ್ದು. ಕಂಬದ ಮೇಲೆ ಸಹಾಯಕ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆದ. ಮಾರನೆಯ ದಿನ ಬಂದು ನೋಡಿದರೆ ಬಾಣದ ಮೇಲೆ ಯಾರೋ ಅರಿಶಿನ ಬಳಿದು ಒಂದು ಕಣಗಿಲೆ ಹೂವಿಟ್ಟಿದ್ದರು. ಇಬ್ಬರೂ ನಕ್ಕೆವು. ಹಾಗಾದರೆ ಈ ಕಲ್ಲಿನ ಹತ್ತಿರ ದಿನಾ ಬೆಳಿಗ್ಗೆ ಯಾರೋ ಬರುತ್ತಾರೆ ಎಂದು ಅಂದೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹೊಳೆಯದಿರಲು ಕಾರಣ ನಮ್ಮ ಬಸ್ಸು. ಕೊಳ್ಳೇಗಾಲದಿಂದ ಹೊರಟು ನಾವು ಚೌಕಕ್ಕೆ ಬಂದು ಇಳಿಯುವಾಗ ಹತ್ತೂವರೆ. ಚೌಕವನ್ನು ಯಾರು ಹೇಗೆ ಬಳಸುತ್ತಾರೆ ಎಂದು ಒಂದು ವಾರ ಕೂತು ಬರೆದುಕೊಂಡೆವು, ಹನ್ನೊಂದರಿಂದ ಐದರವರೆಗೆ. ಆಟೋದವರನ್ನು ಕೇಳಿದೆವು, ಟೀ ಅಂಗಡಿಯವರನ್ನು, ಎಳನೀರಿನವರನ್ನು, ಬಸ್ಸಿಗೆ ಕಾಯುವವರನ್ನು ಕೇಳಿದೆವು. ಅಲ್ಲಿ ನಿಲ್ಲುವವರನ್ನೆಲ್ಲ ಕೇಳಿ, ಹಾದುಹೋಗುವವರನ್ನು ಕೇಳದೆ ಬಿಟ್ಟೆವು. ನಕ್ಷೆಯಲ್ಲಿ ಹೊರೆಗಲ್ಲಿನ ಪಕ್ಕ ನನ್ನ ಕೈಯಾರೆ ಬರೆದೆ: ‘ಹಳೆಯ ಕಲ್ಲು, ಉಳಿಸಿಕೊಳ್ಳುವುದು.’ ಬರೆದಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತು. ಬೇರೆಯವರಾಗಿದ್ದರೆ ಕಿತ್ತುಹಾಕುತ್ತಿದ್ದರು ಎಂದುಕೊಂಡೆ.

ಅಳತೆ ಹೇಳಿದ ಕಥೆ ಸರಳವಾಗಿತ್ತು. ಮೂರೂ ರಸ್ತೆಗಳು ಡಾಂಬರಿನ ಮೇಲೆ ಡಾಂಬರು ಬಿದ್ದು ಎತ್ತರವಾಗಿವೆ, ಚೌಕ ಮಾತ್ರ ತಟ್ಟೆಯ ಹಾಗೆ ತಗ್ಗಿನಲ್ಲೇ ಉಳಿದಿದೆ. ತಟ್ಟೆಯ ತಳ ಹೊರೆಗಲ್ಲಿನ ಬುಡ. ಪಕ್ಕದ ಚರಂಡಿಯ ತಳ ಅದಕ್ಕಿಂತ ಮೇಲಿದೆ. ಚರಂಡಿ ಆಳ ಮಾಡೋಣವೆಂದರೆ ಅದಕ್ಕೆ ತಾಗಿಕೊಂಡೇ ಹಳೆಯ ಅಂಗಡಿಗಳ ತಳಪಾಯ. ಕೆದಕಿದರೆ ಗೋಡೆ ಕೂರುತ್ತದೆ. ಉಳಿದದ್ದು ಒಂದೇ ದಾರಿ, ಚೌಕವನ್ನೇ ಎತ್ತರಿಸುವುದು. ಮಣ್ಣು ತುಂಬಿ, ಜಲ್ಲಿ ಹಾಸಿ ರೋಲರ್ ಹೊಡೆದು, ಮೇಲೆ ಕಾಂಕ್ರೀಟು, ಅದರ ಮೇಲೆ ಕಲ್ಲುಚಪ್ಪಡಿ. ನೂರು ಅಡಿಗೆ ಒಂದೂವರೆ ಅಡಿ ಇಳಿಜಾರು ಚರಂಡಿಯ ಕಡೆಗೆ. ಹೊರೆಗಲ್ಲಿನ ಬುಡದಲ್ಲಿ ಲೆಕ್ಕ ಹಾಕಿದರೆ ಹದಿನೈದು ಇಂಚು ಏರಿಸಬೇಕಾಗಿತ್ತು. ಏರಿಸಿದೆವು.

ಹೇಳುವಷ್ಟು ಸಲೀಸಾಗಿ ಆಗಲಿಲ್ಲ, ಬಿಡಿ. ಅಗೆದ ಎರಡನೆಯ ದಿನವೇ ನಕ್ಷೆಯಲ್ಲಿಲ್ಲದ ನೀರಿನ ಪೈಪು ಒಡೆದು, ಮೂರು ಬೀದಿಯವರು ಕೊಡ ಹಿಡಿದು ಬಂದು ನನ್ನನ್ನು ಸುತ್ತುವರಿದರು. ಮಳೆ ಬೇಗ ಹಿಡಿಯಿತು. ಚಪ್ಪಡಿಯ ಎರಡನೆಯ ಲೋಡು ಬೇರೆ ಬಣ್ಣದ್ದು ಬಂತು, ವಾಪಸು ಕಳಿಸಿದೆ, ಮೂರನೆಯದು ಇನ್ನೂ ಬೇರೆ ಬಣ್ಣದ್ದು ಬಂತು, ಇಟ್ಟುಕೊಂಡೆ. ಅಷ್ಟು ಹೊತ್ತಿಗೆ ನನ್ನ ಸೊಂಟವೂ ಹಿಡಿದುಕೊಂಡಿತ್ತು. ಮುಗಿದರೆ ಸಾಕು ಎನ್ನುವುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು.

ಕಲ್ಲಿನ ಕೆಲಸದ ಮೇಸ್ತ್ರಿ ಹೂಗ್ಯಂ ಕಡೆಯವರು, ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಹೊರೆಗಲ್ಲಿನ ಸುತ್ತ ಚಪ್ಪಡಿ ಕೂರಿಸಿದ ದಿನ ಸಂಜೆ ಕರಣೆ ತೊಳೆಯುತ್ತಾ ಅದನ್ನೇ ನೋಡಿದರು.

“ಅಕ್ಕಾ, ಕಲ್ಲು ಕುಳ್ಳ ಆಗೋಯ್ತಲ್ಲಾ?”

“ಕಲ್ಲಿಗೆ ಏನಾಗಿದೆ? ಒಂದು ಗೀರೂ ಬಿದ್ದಿಲ್ಲ.”

“ಗೀರು ಸರಿ. ನಮ್ ಕಡೆ ಇದ್ಕೆ ಸುಮೆತಾಂಗಿ ಅಂತಾರೆ. ಸುಮೆ ಅಂದ್ರೆ ಒರೆ, ತಾಂಗೋದು ಅಂದ್ರೆ ತಡ್ಕಳೋದು. ಇಷ್ಟು ಎತ್ರದಲ್ಲಿ ಅದು ಒರೆ ತಾಂಗಕ್ಕಿಲ್ಲ, ಕೂರಕ್ಕೆ ಸರಿ ಅದೆ ಅಷ್ಟೇಯ.”

“ಈಗ ಯಾರು ಮೇಸ್ತ್ರಿ ತಲೆ ಮೇಲೆ ಹೊರೆ ಹೊರ್ತಾರೆ? ಎಲ್ಲಾ ಗೂಡ್ಸ್ ಆಟೋ” ಎಂದೆ. ಅವರು ಕರಣೆ ಒದರಿ ಚೀಲಕ್ಕೆ ಹಾಕಿಕೊಂಡರು. ನನಗಿಂತ ಚೆನ್ನಾಗಿ ಗೊತ್ತಿದ್ದವರು ಹೇಳಿದ್ದನ್ನು ಕೇಳುವ ತಾಳ್ಮೆ ನನಗೆ ಆಗ ಇರಲಿಲ್ಲ.

ಇದಾಗಿ ನಾಲ್ಕು ದಿನಕ್ಕೆ, ಬೆಳಿಗ್ಗೆ ಎಂಟಕ್ಕೆ ದೀಪದ ಕಂಬಗಳ ಲಾರಿ ಬರುತ್ತದೆಂದು ಮೊದಲ ಬಸ್ಸಿಗೇ ಬಂದಿದ್ದೆ. ಲಾರಿ ಬರಲಿಲ್ಲ. ಹೊರೆಗಲ್ಲಿನ ಸುತ್ತ ಕಟ್ಟಿದ್ದ ಹಗ್ಗವನ್ನು ಹಿಂದಿನ ಸಂಜೆಯಷ್ಟೇ ಬಿಚ್ಚಿದ್ದೆವು. ಟೀ ಕುಡಿಯುತ್ತಾ ಕೂತಿದ್ದಾಗ ಗದ್ದೆಯ ಕಡೆಯಿಂದ ಒಬ್ಬ ಹೆಂಗಸು ಹಸಿ ಹುಲ್ಲಿನ ಹೊರೆ ಹೊತ್ತು ಬಂದರು. ವಯಸ್ಸು ಐವತ್ತು ದಾಟಿರಬಹುದು. ಹೊರೆ ಅವರ ಹೆಗಲಿಗಿಂತ ಅಗಲವಾಗಿತ್ತು, ತುದಿಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ನೆಲ ನೋಡದೆ, ಅಭ್ಯಾಸವಾದ ದಾರಿಯಲ್ಲಿ ನೇರ ಹೊರೆಗಲ್ಲಿನ ಬಳಿ ಬಂದು ಬೆನ್ನು ತಿರುಗಿಸಿ ನಿಂತು, ಹೊರೆಯನ್ನು ಹಿಂದಕ್ಕೆ ಜಾರಿಸಿದರು. ಅಡ್ಡ ಚಪ್ಪಡಿ ತಲೆಯ ಮಟ್ಟದಲ್ಲಿರಲಿಲ್ಲ. ಅವರ ಸೊಂಟದ ಮಟ್ಟದಲ್ಲಿತ್ತು. ಹೊರೆ ದೊಪ್ಪನೆ ಬಿದ್ದು, ಚಪ್ಪಡಿಗೆ ಬಡಿದು ನೆಲಕ್ಕೆ ಉರುಳಿತು. ಅವರೂ ಹೊರೆಯ ಜೊತೆಗೆ ಹಿಂದಕ್ಕೆ ವಾಲಿ, ಕಂಬ ಹಿಡಿದು ನಿಂತುಕೊಂಡರು.

ಆಟೋದವರೊಬ್ಬರು ಓಡಿದರು, ನಾನೂ ಓಡಿದೆ. ಆಕೆ ಕತ್ತು ಹಿಡಿದುಕೊಂಡು ಕಲ್ಲನ್ನೇ ನೋಡುತ್ತಿದ್ದರು.

“ಇದ ಯಾರ್ಲಾ ಊತಾಕ್ದೋರು?” ಎಂದು ಆಟೋದವರನ್ನು ಕೇಳಿದರು.

“ಇವ್ರೇ ಕಣಕ್ಕ ಇಂಜಿನಿಯರ್ ಮೇಡಮ್ಮು. ಇವ್ರನ್ನೇ ಕೇಳು.”

ನಾನು ಹೇಳಿದೆ, “ಹೂತಿಲ್ಲಮ್ಮ. ನೆಲ ಎತ್ತರಿಸಿದ್ದೀವಿ, ನೀರು ನಿಲ್ಲಬಾರದು ಅಂತ.”

“ನೀರು ನಿಂತ್ರೆ ಕಾಲು ನೆನೀತದೆ, ಅಷ್ಟೇಯ. ಈಗ ಕತ್ತೇ ಮುರೀತದಲ್ಲವ್ವ!”

ಟೀ ಕೊಡಿಸಿ ಕೂರಿಸಿದೆ. ಅವರೇ ಹೇಳಿದ್ದು: ಬೆಳಗಾಗುವ ಮುಂಚೆ ಕಾಲುವೆ ಏರಿಯಲ್ಲಿ ಹುಲ್ಲು ಕೊಯ್ದು, ಇಲ್ಲಿಗೆ ಬಂದು ಒಂದು ಗಳಿಗೆ ಹೊರೆ ಇಳಿಸಿ, ಮತ್ತೆ ಹೊತ್ತು ಪೇಟೆಯ ಆ ತುದಿಯ ದಿಬ್ಬದ ಮೇಲಿನ ಮನೆಗೆ ಹೋಗುವುದು. ಮನೆಯಲ್ಲಿ ಒಂದೇ ಹಸು. ಅದರ ಹಾಲು ಡೈರಿಗೆ. ಹತ್ತು ಗಂಟೆಗೆ ಇನ್ನೊಬ್ಬರ ಮನೆಯ ಕೆಲಸ, ಆದ್ದರಿಂದ ಎರಡು ಸಲ ನಡೆಯಲು ಹೊತ್ತಿಲ್ಲ. ಹೊರೆ ಚಿಕ್ಕದು ಮಾಡಿದರೆ ಹಸುವಿಗೆ ಸಾಲದು. ಕತ್ತಿನ ನರ ಮೊದಲೇ ಹಿಡಿದಿದೆ, ಇಲ್ಲಿ ಇಳಿಸದೆ ಮನೆ ಮುಟ್ಟುವುದು ಆಗದು. ಕೆಳಗೆ ಇಳಿಸಿದರೆ ಒಬ್ಬರೇ ಎತ್ತಿಕೊಳ್ಳುವುದು ಆಗದು. ಹಗ್ಗ ಕಟ್ಟಿದ್ದಷ್ಟು ದಿನ ಇಲ್ಲೇ ಮಲಗುತ್ತಿದ್ದ ಕೆಲಸದ ಆಳುಗಳು ಎತ್ತಿಕೊಡುತ್ತಿದ್ದರಂತೆ, ಈಗ ಅವರೂ ಇಲ್ಲ.

“ಬೇರೆ ಹೆಂಗಸರೂ ಬರ್ತಾರಾ?”

“ಏಳೆಂಟ್ ಜನ ಬತ್ತಾರೆ, ಒಳೆ ಕಡೆಯಿಂದ. ಅವ್ರು ಜೊತೇಲಿ ಬರೋರು, ಒಬ್ರಿಗೊಬ್ರು ಎತ್ಕೊಡ್ತಾರೆ. ನಾನು ಈ ಕಡೆಯಿಂದ ಒಬ್ಳೇ ಕಣವ್ವ. ನಂಗೆ ಈ ಕಲ್ಲೇ ಜೊತೆಗಾತಿ.”

ಆಟೋದವರು ಹೊರೆ ಎತ್ತಿಕೊಟ್ಟರು. ತಲೆಯ ಮೇಲಿನ ಸಿಂಬೆ ಸರಿಮಾಡಿಕೊಂಡು ಆಕೆ ಕೇಳಿದರು, “ಸರಿ ಮಾಡುಸ್ಕೊಟ್ಟೀರಾ?” ಮಾಡಿಸಿಕೊಡುತ್ತೇನೆ ಎಂದೆ. “ಯಾವಾಗ?” ಎಂದರು. “ಬೇಗ” ಎಂದೆ.

ಅವರು ಹೋದ ಮೇಲೆ ಟೇಪು ತೆಗೆದು ಅಳೆದೆ. ಮೊದಲು ನಾಲ್ಕು ಅಡಿ ಎಂಟು ಇಂಚು ಇದ್ದ ಎತ್ತರ ಈಗ ಮೂರು ಅಡಿ ಐದು ಇಂಚು. ಆ ಮೊದಲಿನ ಅಳತೆ ನನ್ನ ಪುಸ್ತಕದಲ್ಲೇ ಇತ್ತು, ನನ್ನ ಅಕ್ಷರದಲ್ಲೇ ಇತ್ತು. ಅದು ಒಬ್ಬ ಹೆಂಗಸಿನ ತಲೆಯ ಅಳತೆ ಎಂದು ಮಾತ್ರ ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು.

ಮೊದಲು ಕಂಡ ಉಪಾಯ ಕಲ್ಲನ್ನೇ ಎತ್ತುವುದು. ಮುಕ್ಕಾಲಿ ಕಟ್ಟಿ, ಸರಪಳಿ ರಾಟೆಯಲ್ಲಿ ಚಪ್ಪಡಿ ಇಳಿಸಿ, ಕಂಬಗಳ ಕೆಳಗೆ ಹದಿನೈದು ಇಂಚಿನ ಪೀಠ ಹಾಕಿ ಮತ್ತೆ ನಿಲ್ಲಿಸಿದರೆ ಎರಡು ದಿನದ ಕೆಲಸ. ಮೇಸ್ತ್ರಿ ಒಪ್ಪಲಿಲ್ಲ. “ಇದು ಬಸುರೀಲೇ ಸತ್ತ ಎಂಗಸಿನ ಎಸ್ರಲ್ಲಿ ನೆಟ್ಟಿರೋದು ಅಕ್ಕಾ. ಮನೆಯೋರ ಅಪ್ಪಣೆ ಇಲ್ದೆ ನಾ ಮುಟ್ಟಲ್ಲ” ಎಂದರು. ಯಾರ ಮನೆಯವರು ಎಂದು ಟೀ ಅಂಗಡಿಯವರನ್ನು ವಿಚಾರಿಸಿದಾಗ, ಈಗ ಮುಳ್ಳೂರಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬಂದು ಕಲ್ಲಿಗೆ ಎಣ್ಣೆ ಬಿಟ್ಟು ಹೋಗುತ್ತಾರೆ ಎಂದರು.

ಮುಳ್ಳೂರಿಗೆ ಹೋದೆ. ಮನೆಯ ಯಜಮಾನರು ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಭತ್ತದ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿ ಎಲ್ಲ ಹೇಳಿದೆ. ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು.

“ನಮ್ಮ ಮುತ್ತಾತನ ತಂಗೀದು ಅದು. ಎರಿಗೆ ಆಗ್ದೆ ಸತ್ತೋದ್ಲಂತೆ. ಒಟ್ಟೇಲಿ ಮಗ ಇಟ್ಕಂಡೇ ಸತ್ತೋರಿಗೆ ಆ ಭಾರ ಅಂಗೇ ಇರ್ತದೆ ಅಂತ, ನಾಕ್ ಜನದ ಒರೆ ಇಳ್ಸುದ್ರೆ ಇವಳದೂ ಇಳೀತದೆ ಅಂತ ನೆಟ್ರು. ಕಲ್ಲ ಎತ್ತುದ್ರೆ ಅವ್ಳಿಗೆ ಮತ್ತೆ ಒರ್ಸದಂಗೆ ಕಣ್ರಮ್ಮ. ಆಗಕ್ಕಿಲ್ಲ.”

“ಹಾಗಾದರೆ ಆ ಹೆಂಗಸಿಗೆ ಕಷ್ಟ ಆಗ್ತದಲ್ಲ ಯಜಮಾನರೇ” ಎಂದೆ.

“ನೆಲ ಯಾರು ಎತ್ತಿದ್ದು?”

“ನಾನೇ.”

“ಅಂಗಾರೆ ನೆಲನೇ ಇಳ್ಸಿ” ಎಂದು ಅವರು ದಬ್ಬಳಕ್ಕೆ ದಾರ ಪೋಣಿಸತೊಡಗಿದರು. ಅಷ್ಟು ಸುಲಭದ ಮಾತು ಇಂಜಿನಿಯರಾದ ನನಗೆ ತೋಚಿರಲಿಲ್ಲ. ಒಳಗಿನಿಂದ ಮಜ್ಜಿಗೆ ಬಂತು, ಕುಡಿದು ಹೊರಟೆ.

ಆದರೆ ನೆಲ ಇಳಿಸುವುದೆಂದರೆ ಮುಗಿದ ಕೆಲಸ ಒಡೆಯುವುದು. ಇಳಿಸಿದ ಜಾಗ ಮತ್ತೆ ತಗ್ಗಾಗುತ್ತದೆ, ನೀರು ಅಲ್ಲೇ ಸೇರುತ್ತದೆ. ಯಾವ ದೂರಿಗಾಗಿ ಕೆಲಸ ಹಿಡಿದೆವೋ ಅದೇ ದೂರನ್ನು ಕೈಯಾರೆ ಮಾಡಿಕೊಟ್ಟಂತೆ. ಮೇಸ್ತ್ರಿ ಮಾತ್ರ ತಡಮಾಡಲಿಲ್ಲ. “ಅಕ್ಕಾ, ಊಂ ಅನ್ನಿ. ನಾಳೆ ಬೆಳಿಗ್ಗೆ ಒಡ್ದಾಕ್ತೀನಿ. ಮೊದ್ಲು ಆಯಮ್ಮನಿಗೆ ನಿಲ್ಲಕ್ಕೆ ಜಾಗ ಆಗ್ಲಿ, ನೀರಿನ ಕತೆ ಆಮ್ಯಾಲೆ ನೋಡಾನ” ಎಂದರು.

ನಾನು ಬೇಡ ಎಂದೆ. ನಕ್ಷೆ ಬದಲಾದರೆ ಕೆಲಸ ಕೊಟ್ಟ ಕಚೇರಿಯ ಮೇಲಿನವರ ಒಪ್ಪಿಗೆ ಬೇಕು, ಬದಲಿ ನಕ್ಷೆ ಬರೆಯಬೇಕು, ಕಾಗದ ಬಂದ ಮೇಲೆಯೇ ಸುತ್ತಿಗೆ ಎತ್ತಬೇಕು. ಕ್ರಮ ಅದೇ, ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಕೊಠಡಿಯಷ್ಟು ಜಾಗದ ಚಪ್ಪಡಿ ಎತ್ತಿಸಿ ಪಕ್ಕಕ್ಕಿಟ್ಟು, ಅಡಿಯದನ್ನು ತಾತ್ಕಾಲಿಕವಾಗಿ ಅಗೆಸಲು ಯಾರ ಕಾಗದವೂ ಬೇಕಿರಲಿಲ್ಲ, ಅಷ್ಟು ಅಧಿಕಾರ ನನಗಿತ್ತು. ನಿಜ ಹೇಳಬೇಕೆಂದರೆ ನಾನು ದಣಿದಿದ್ದೆ. ಇನ್ನೊಮ್ಮೆ ಒಡೆದು, ಇನ್ನೊಮ್ಮೆ ಬೈಸಿಕೊಂಡು, ಇನ್ನೊಮ್ಮೆ ಕಟ್ಟುವ ದಿನವನ್ನು ಸ್ವಲ್ಪ ಮುಂದಕ್ಕೆ ತಳ್ಳಲು ಕಾಗದ ಒಂದು ಒಳ್ಳೆಯ ನೆಪವಾಯಿತು. ಬದಲಿ ನಕ್ಷೆ ಬರೆಯುವುದಕ್ಕೇ ಒಂಬತ್ತು ದಿನ ತೆಗೆದುಕೊಂಡೆ. ಎರಡು ದಿನದಲ್ಲಿ ಆಗುವ ಕೆಲಸ. ಆಮೇಲೆ ಕಡತ ಕಡತದ ನಡಿಗೆಯಲ್ಲಿ ನಡೆಯಿತು, ಅದರ ತಪ್ಪಲ್ಲ.

ಆ ದಿನಗಳಲ್ಲಿ ನಾನು ಮೊದಲ ಬಸ್ಸಿಗೆ ಬಂದಾಗ ಆಕೆ ಎರಡು ಸಲ ಸಿಕ್ಕಿದರು. ಒಮ್ಮೆ ಹೊರೆಯನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರು. “ಕಾಗ್ಜ ಬಂತಾ?” ಎಂದರು. ಬರುತ್ತದೆ ಎಂದೆ. ಇನ್ನೊಮ್ಮೆ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಹೊರೆ ಪಕ್ಕಕ್ಕಿಟ್ಟು ಎತ್ತಿಕೊಡುವವರಿಗೆ ಕಾಯುತ್ತಾ ಕೂತಿದ್ದರು. ನಾನೂ ಆಟೋದವರೂ ಸೇರಿ ಎತ್ತಿದೆವು. ಹುಲ್ಲೆಂದರೆ ಹಗುರ ಎಂದುಕೊಂಡಿದ್ದೆ. ನನ್ನ ಸೊಂಟ ಕಳಕ್ಕೆಂದಿತು. “ಬ್ಯಾಗ ಮಾಡ್ಸವ್ವ” ಎಂದರು. ಬೇಗ ಎಂದೆ. ಅದಾದ ಮೇಲೆ ಅವರು ಕಣ್ಣಿಗೆ ಬೀಳಲಿಲ್ಲ. ಯಾರೋ ಜೊತೆ ಸಿಕ್ಕಿರಬೇಕು ಎಂದುಕೊಂಡೆ. ಬಂದು ಕೇಳುವವರು ಇಲ್ಲವಾದದ್ದು ನನಗೆ ಹಗುರವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಐದನೆಯ ವಾರದಲ್ಲಿ ಕಾಗದ ಬಂತು. ಚಪ್ಪಡಿ ಎತ್ತಿ, ಕಾಂಕ್ರೀಟು ಒಡೆದು, ಜಲ್ಲಿ ತೆಗೆದು, ಹಳೆಯ ನೆಲ ಸಿಗುವವರೆಗೆ ಇಳಿದೆವು. ಅಲ್ಲಿ ಪಾದ ಸವೆದ ಒಂದು ಹಾಸುಗಲ್ಲು ಕಂಡಿತು. ಅದರ ಅಂಚು ಹಿಡಿದು ಕೆರೆದಾಗ ಮಣ್ಣು ತುಂಬಿದ ಕಲ್ಲಿನ ತೂಬು ಒಂದು ಸಿಕ್ಕಿತು; ರಸ್ತೆಯಡಿ ಹಾದು ಗದ್ದೆಯ ಕಡೆಗೆ ಹೋಗಿತ್ತು. ಹಳಬರು ಕಲ್ಲು ನೆಟ್ಟಾಗಲೇ ನೀರಿಗೂ ದಾರಿ ಬಿಟ್ಟಿದ್ದರು. ಮೇಸ್ತ್ರಿ ಮತ್ತು ಇಬ್ಬರು ಆಳು ಎರಡು ದಿನ ಬಿದಿರಿನ ಗಳು ಹಾಕಿ ಹೂಳು ತೆಗೆದರು. ನಾಲ್ಕು ಕೊಡ ನೀರು ಸುರಿದರೆ ಗಟಗಟ ಕುಡಿಯಿತು. ಇದನ್ನು ಮೊದಲೇ ಹುಡುಕಿದ್ದರೆ ಚೌಕವನ್ನು ಎತ್ತರಿಸುವ ಅಗತ್ಯವೇ ಇರುತ್ತಿತ್ತೋ ಇಲ್ಲವೋ. ಅದನ್ನು ಯೋಚಿಸುವ ತ್ರಾಣ ನನಗಿರಲಿಲ್ಲ. ತೂಬಿನ ಬಾಯಿಗೆ ಜಾಲರಿ ಹಾಕಿಸಿ ಮುಂದಕ್ಕೆ ಹೋದೆ.

ಬದಲಿ ನಕ್ಷೆಯಲ್ಲಿ ಇಳಿಯಲು ಮೂರು ಮೆಟ್ಟಿಲು ಬರೆದಿದ್ದೆ. ಮೇಸ್ತ್ರಿ ಅದನ್ನು ನೋಡಿ, ಒಂದು ಸಿಮೆಂಟು ಮೂಟೆ ತಲೆಯ ಮೇಲಿಟ್ಟುಕೊಂಡು ಬಂದು ನನ್ನೆದುರು ನಿಂತರು. “ಈಗ ನನ್ನ ಕಾಲು ನಂಗೆ ಕಾಣ್ತದಾ ಕೇಳಿ ಅಕ್ಕಾ” ಎಂದರು. ಕಾಣುವುದಿಲ್ಲ. ಹೊರೆ ಹೊತ್ತವರು ಕೆಳಗೆ ನೋಡಲಾರರು, ಮೆಟ್ಟಿಲು ಅವರಿಗೆ ಗುಂಡಿ. ನಕ್ಷೆಯಲ್ಲಿ ಮೆಟ್ಟಿಲು ಅಳಿಸಿ ಎರಡೂ ಕಡೆಯಿಂದ ಹನ್ನೆರಡೂವರೆ ಅಡಿ ಉದ್ದದ ಇಳಿಜಾರು ಬರೆದೆ, ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು. ಹಾಸಿದ ಕಲ್ಲಿಗೆ ಉಳಿ ಹೊಡೆಸಿ ಒರಟು ಮಾಡಿಸಿದೆವು. ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ. ಯಾವ ಕಾಗದಕ್ಕೂ ಕಾಯಲಿಲ್ಲ. ಮುಗಿದ ದಿನ ಅದೇ ಮೂಟೆ ಹೊತ್ತು ಅವರು ಮೂರು ಸಲ ಇಳಿದು, ಮೂರು ಸಲ ಹತ್ತಿ, ಚಪ್ಪಡಿಯ ಮೇಲೆ ಮೂಟೆ ಜಾರಿಸಿ “ತಾಂಗ್ತದೆ” ಎಂದರು.

ಹೊಳೆ ಕಡೆಯ ಹೆಂಗಸರು ಮಾರನೆಯ ದಿನದಿಂದಲೇ ಬಳಸತೊಡಗಿದರು. ನಾನು ನಾಲ್ಕು ದಿನ ಮೊದಲ ಬಸ್ಸಿಗೆ ಬಂದು ಕಾದೆ. ಐದನೆಯ ದಿನ ಆಕೆ ಬಂದರು. ಗದ್ದೆಯ ಕಡೆಯಿಂದಲ್ಲ, ಪೇಟೆಯ ಕಡೆಯಿಂದ, ಕೈಯಲ್ಲೊಂದು ಬುತ್ತಿಚೀಲ ಹಿಡಿದು. ಕತ್ತಿನ ಬಟ್ಟೆ ಇರಲಿಲ್ಲ. ನಾನು ಎದ್ದು ಹೋಗಿ ಕೈ ಹಿಡಿದುಕೊಂಡೆ.

“ಅಮ್ಮಾ, ಆಯ್ತು ನೋಡಿ. ಬನ್ನಿ, ಎತ್ತರ ಸರಿ ಇದೆಯಾ ಹೇಳಿ.”

ಆಕೆ ಚೀಲವನ್ನು ಮೇಲಿಟ್ಟು ನಿಧಾನವಾಗಿ ಇಳಿದರು. ಹಾಸುಗಲ್ಲಿನ ಮೇಲೆ ನಿಂತು, ಬೆನ್ನು ತಿರುಗಿಸಿ, ಚಪ್ಪಡಿಗೆ ತಲೆಯ ಹಿಂಭಾಗ ತಾಗಿಸಿ ನೋಡಿದರು. ತಲೆಯೂ ಕಲ್ಲೂ ಸಮಕ್ಕೆ ಬಂದವು.

“ಸರಿಯಾಗದೆ. ಮೊದ್ಲಿದ್ದಂಗೇ ಅದೆ.”

“ನಾಳೆಯಿಂದ ಹುಲ್ಲು ತರಬಹುದು ಇನ್ನು.”

“ಉಲ್ಲು ಯಾರ್ಗವ್ವ? ಅಸ ಕೊಟ್ಬುಟ್ಟೆ.”

ಯಾರಿಗೆ ಎಂದೆ. “ಲೊಕ್ಕನಳ್ಳಿಯೋರು ಬಂದು ತಕಂಡೋದ್ರು. ಎರಡ್ ವಾರ ಆಯ್ತು. ಅರೆಒಟ್ಟೇಲಿ ಕಟ್ಟಾಕಿದ್ರೆ ನಾನು ಓಣಿ ತಿರುಗ್ತಿದ್ದಂಗೇ ಅಂಬಾ ಅನ್ನದು. ಅದ ಕೇಳಕ್ಕಾಗ್ನಿಲ್ಲ.”

“ನನಗೆ ಒಂದು ಮಾತು ಹೇಳಬೇಕಿತ್ತಮ್ಮ.”

“ಏಳಿದ್ನಲ್ಲವ್ವ, ಎರಡ್ ಸಲ.” ಅವರು ಇಳಿಜಾರು ಹತ್ತಿ ಬಂದು ಚೀಲ ಎತ್ತಿಕೊಂಡರು. “ಇಂಥಾ ದಿನ ಅಂತ ಒಂದ್ ಮಾತು ಅಂದಿದ್ರೆ ಎಂಗಾರ ಮಾಡಿ ಮೇಯ್ಸ್ಕಂಡು ಇಟ್ಕತಿದ್ದೆ. ನೀವು ಬ್ಯಾಗ ಅಂದ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಈಗ ಬೆಳಗಿನ ಹೊತ್ತಿಗೂ ಇನ್ನೊಂದು ಮನೆಯ ಕೆಲಸ ಹಿಡಿದಿದ್ದೇನೆ, ತಡವಾಯಿತು ಎಂದು ಅವರು ಹೊರಟರು.